ಎಗ್ಗಿ ಸಾರಿದ ಕೊನೆಯ ಸಾವು

ಟ್ರಿನಿಡಾಡಿನ ನಮ್ಮ ಲಾ ಪಾಸ್ಯಾನ್ಸ್‌ನಲ್ಲಿ ಯಾರಾದರೂ ತೀರಿಕೊಂಡರೆ ಊರಿಗೆ ಮೊದಲು ಕೇಳಿಸುತ್ತಿದ್ದದ್ದು ಎಗ್ಗಿಯ ಕೆಮ್ಮು. ತಲೆಯ ಮೇಲೆ ಧ್ವನಿವರ್ಧಕದ ಎರಡು ತುತ್ತೂರಿ ಹೊತ್ತ ಅವನ ಬಿಳಿ ಕಾರು ನನ್ನ ಅಂಗಡಿಯ ಮುಂದೆ ನಿಧಾನ ಮಾಡಿ, ಮೈಕಿನಲ್ಲಿ ಎರಡು ಸಲ ಕೆಮ್ಮಿದರೆ ಸಾಕು, ಹೆಂಗಸರು ಒಲೆ ಸಣ್ಣ ಮಾಡುತ್ತಿದ್ದರು, ರಮ್ ಅಂಗಡಿಯಲ್ಲಿ ಇಸ್ಪೀಟು ಆಡುವವರು ಎಲೆ ಮಗುಚಿ ಇಡುತ್ತಿದ್ದರು. ಆಮೇಲೆ ಅವನ ದನಿ ಬರುತ್ತಿತ್ತು. ಸತ್ತವರು ಯಾರ ಮಗ, ಯಾರ ಗಂಡ, ಯಾರ ಅಪ್ಪ, ಟೊರಾಂಟೊದಲ್ಲಿರುವ ಯಾರ ಚಿಕ್ಕಪ್ಪ, ಊರಿನಲ್ಲಿ ಯಾರ ಸ್ನೇಹಿತ ಎಂದು ಒಂದೊಂದಾಗಿ ಹೇಳಿ ಮುಗಿಸುವಷ್ಟರಲ್ಲಿ ಅರ್ಧ ಊರಿನವರ ಹೆಸರು ಬಂದಿರುತ್ತಿತ್ತು. ನಮ್ಮಲ್ಲಿ ಸಾವಿಗೆ ಯಾರೂ ಯಾರನ್ನೂ ಕರೆಯುವುದಿಲ್ಲ. ಕೇಳಿಸಿದವರೆಲ್ಲ ಹೋಗುತ್ತಾರೆ. ಕೇಳಿಸುವ ಹಾಗೆ ಮಾಡುವುದು ಎಗ್ಗಿಯ ಕೆಲಸ.

ನಾನು ಜೈತೂನ್. ಊರಿಗೆಲ್ಲ ಟ್ಯಾಂಟಿ, ಎಂದರೆ ಚಿಕ್ಕಮ್ಮ. ಅಡ್ಡರಸ್ತೆಯಲ್ಲಿ ಅಂಗಡಿ ಇಟ್ಟುಕೊಂಡಿದ್ದೇನೆ. ರಸ್ತೆಯ ಕೆಳಗೆ ಗದ್ದೆ ಕಡೆ ಇಂಡಿಯನ್ನರ ಮನೆಗಳು, ಮೇಲೆ ಗುಡ್ಡದ ಕಡೆ ಆಫ್ರಿಕನ್ನರವು. ನಡುವೆ ನಾನು, ನನ್ನ ಉಪ್ಪುಮೀನು, ಸೀಮೆಎಣ್ಣೆ, ಬಿಸ್ಕತ್ತು. ಎರಡೂ ಕಡೆಯವರಿಗೆ ಸಾಲ ಕೊಟ್ಟಿದ್ದೇನೆ, ಎರಡೂ ಕಡೆಯವರನ್ನು ಬೈದಿದ್ದೇನೆ. ಆದ್ದರಿಂದ ಎಗ್ಗಿಯ ಕಥೆ ಹೇಳುವುದಕ್ಕೆ ನನಗಿಂತ ಹಕ್ಕಿರುವವರು ಯಾರೂ ಇಲ್ಲ ಎಂದು ನಾನೇ ತೀರ್ಮಾನ ಮಾಡಿಕೊಂಡಿದ್ದೇನೆ.

ಅವನ ಪೂರ್ತಿ ಹೆಸರು ಎಗ್ಬರ್ಟ್ ಜೋಖನ್. ಅಪ್ಪ ಜೋಖನ್ ಗದ್ದೆ ಕಡೆಯವನು, ಕಬ್ಬು ಕಡಿಯುತ್ತಿದ್ದ. ಅವ್ವ ಯೂನಾ ಗುಡ್ಡದ ಕಡೆಯವಳು, ಸಂತೆಯಲ್ಲಿ ಗೆಡ್ಡೆ ಗೆಣಸು ಮಾರುತ್ತಿದ್ದಳು. ಆ ಮದುವೆಗೆ ಎರಡು ಕಡೆಯಿಂದಲೂ ಯಾರೂ ಬರಲಿಲ್ಲವಂತೆ. ಇಂಥವರಿಗೆ ಹುಟ್ಟಿದ ಮಕ್ಕಳನ್ನು ನಮ್ಮಲ್ಲಿ ದೋಗ್ಲಾ ಅನ್ನುತ್ತಾರೆ. ಬೈಗುಳವಾಗಿ ಹುಟ್ಟಿದ ಮಾತು ಅದು, ಬಾಯಿಂದ ಬಾಯಿಗೆ ಸವೆದು ಈಗ ಹೆಸರಿನ ಹಾಗೆ ಆಗಿದೆ. ಎಗ್ಗಿಯ ಮೂಗು ಅಪ್ಪನದು, ಕೂದಲು ಅವ್ವನದು, ದನಿ ಮಾತ್ರ ಯಾರದ್ದೋ ಗೊತ್ತಿಲ್ಲ. ಸಕ್ಕರೆ ಕಾರ್ಖಾನೆ ಮುಚ್ಚಿ ಗಂಡಸರೆಲ್ಲ ತಲೆ ಮೇಲೆ ಕೈ ಹೊತ್ತು ಕೂತಾಗ ಅವನು ಹಳೆಯ ತುತ್ತೂರಿ ಎರಡು ತಂದು ಕಾರಿಗೆ ಕಟ್ಟಿದ. ಅವತ್ತಿನಿಂದ ಮದುವೆ, ಕ್ರಿಕೆಟ್ ಪಂದ್ಯ, ಬ್ಯಾಪ್ಟಿಸ್ಟರ ಉಪವಾಸ, ರಾಮಾಯಣ ಪಾರಾಯಣ, ಸಾವು, ಎಲ್ಲಕ್ಕೂ ಅವನೇ.

ಸಾವು ಸಾರುವುದರಲ್ಲಿ ಅವನದೊಂದು ಕ್ರಮ ಇತ್ತು. ಮನೆಯವರು ಕೇಳದೆ ಬಾಯಿ ಬಿಡುತ್ತಿರಲಿಲ್ಲ. ಕಾಗದದ ಹೆಸರು ಹೇಳಿದ ತಕ್ಷಣ ಕರೆಯುವ ಹೆಸರು ಹೇಳುತ್ತಿದ್ದ. ನಮ್ಮ ಕಡೆ ಕಾಗದದ ಹೆಸರು ಶಾಲೆಗೆ, ಪಾಸ್‌ಪೋರ್ಟಿಗೆ, ಅಷ್ಟೇ. ಗುಡ್ಡದ ಕಡೆಯ ಅಲೋಶಿಯಸ್ ಯಾರೆಂದು ಕೇಳಿದರೆ ಅವನ ಹೆಂಡತಿಯೂ ಒಂದು ಕ್ಷಣ ಯೋಚಿಸಬೇಕು. ಬೆನ್ನಿ ಎಂದರೆ ನಾಯಿಗಳೂ ಬಾಲ ಆಡಿಸುತ್ತವೆ. ಮತ್ತೆ, ಎಗ್ಗಿಯ ಸುತ್ತು ಒಂದೇ: ಗುಡ್ಡದ ತುದಿಯಿಂದ ಗದ್ದೆಯ ಕೊನೆಯ ಮನೆಯವರೆಗೆ. ಸತ್ತದ್ದು ಯಾವ ಕಡೆಯವರೇ ಇರಲಿ, ಪೂರ್ತಿ ಸುತ್ತು ಹಾಕುತ್ತಿದ್ದ. ಅರ್ಧ ಊರು ಬಿಟ್ಟರೆ ಅದು ಸಾರಿದ ಹಾಗಲ್ಲ, ಪಿಸುಗುಟ್ಟಿದ ಹಾಗೆ ಅನ್ನುತ್ತಿದ್ದ. ನನ್ನ ಗಂಡ ತೀರಿಕೊಂಡಾಗ ನಾನು ಕೊಟ್ಟ ಹೆಸರುಗಳನ್ನೆಲ್ಲ ಓದಿ, ಕೊನೆಗೆ ನಾನು ಹೇಳದ ಒಂದು ಮಾತು ಸೇರಿಸಿದ: "ತಕ್ಕಡೀಲಿ ಯಾರಿಗೂ ಮೋಸ ಮಾಡಿದವರಲ್ಲ." ಅಲ್ಲಿಯವರೆಗೆ ಗಟ್ಟಿಯಾಗಿದ್ದ ನಾನು ಅದು ಕೇಳಿ ಅತ್ತೆ.

ಚುನಾವಣೆ ಬಂದಾಗಲೂ ಅವನೇ. ನಮ್ಮಲ್ಲಿ ಎರಡು ಪಕ್ಷ, ಕರೆಯುವುದು ಚುನಾವಣೆಯ ಗುರುತಿನಿಂದ. ಲಾಂದ್ರದ ಪಕ್ಷ ಗದ್ದೆ ಕಡೆಯವರದು, ಲಂಗರಿನ ಪಕ್ಷ ಗುಡ್ಡದ ಕಡೆಯವರದು. ಹಾಗೆಂದು ಯಾರೂ ಬರೆದಿಟ್ಟಿಲ್ಲ, ಕೇಳಿದರೆ ಇಬ್ಬರೂ ಇಡೀ ದೇಶದ ಪಕ್ಷ ನಮ್ಮದು ಅನ್ನುತ್ತಾರೆ. ಎಗ್ಗಿ ಬೆಳಗ್ಗೆ ಲಾಂದ್ರದ ಹಾಡು ಹಾಕಿಕೊಂಡು ಹೊರಟರೆ ಸಂಜೆ ಅದೇ ಕಾರಿಗೆ ಲಂಗರಿನ ಬಾವುಟ. ಕೊಟ್ಟ ಹಾಳೆ ಓದುವುದು, ಹಾಳೆ ವಾಪಸ್ ಕೊಡುವುದು.

ಇದನ್ನು ಇಟ್ಟುಕೊಂಡು ಅವನನ್ನು ಹೆಚ್ಚು ಕಾಡುತ್ತಿದ್ದವನು ಕಸ್ಕಡು. ಕಸ್ಕಡು ಎಂದರೆ ನಮ್ಮ ಜೌಗುಗದ್ದೆಯ ಮೀನು, ಮೈಮೇಲೆಲ್ಲ ಗಟ್ಟಿ ಚಿಪ್ಪು. ಅದನ್ನು ಹಿಡಿದು ಸೈಕಲ್ಲಿನ ಮೇಲೆ ಮಾರಿಕೊಂಡು ಬರುತ್ತಿದ್ದ ಗದ್ದೆ ಕಡೆಯ ಮನುಷ್ಯನಿಗೂ ಅದೇ ಹೆಸರು ಬಿದ್ದಿತ್ತು. ಎಗ್ಗಿಯೂ ಅವನೂ ಒಂದೇ ಬೆಂಚಿನಲ್ಲಿ ಓದಿದವರು, ಒಂದೇ ದಿನ ಶಾಲೆ ಬಿಟ್ಟವರು. ದಿನಾ ಸಂಜೆ ನನ್ನ ಅಂಗಡಿಯ ಬೆಂಚಿನ ಮೇಲೆ ಕೂತು ಒಬ್ಬರನ್ನೊಬ್ಬರು ಹರಿದು ತಿನ್ನುತ್ತಿದ್ದರು. ಅದು ನಮ್ಮ ಊರಿನ ಪ್ರೀತಿ. ಹೊರಗಿನವರು ಕೇಳಿದರೆ ಪೊಲೀಸರನ್ನು ಕರೆಯುತ್ತಾರೆ.

"ಬಂದ್ಯೇನೋ ದೋಗ್ಲಾ? ಬೆಳಗ್ಗೆ ಅಪ್ಪನ ಕಡೆ, ಸಂಜೆ ಅವ್ವನ ಕಡೆ. ಮಧ್ಯಾಹ್ನ ಯಾರ ಕಡೆಯೋ ನೀನು?" ಎಂದು ಕಸ್ಕಡು ಕೇಳುವನು.

"ಮಧ್ಯಾಹ್ನ ಮೂಗು ಮುಚ್ಕೊಂಡಿರ್ತೀನಿ. ನಿನ್ನ ಸೈಕಲ್ ಹೋಗೋ ಹೊತ್ತು ಅದು."

"ನನ್ನ ಮೀನು ತಿಂದು ಬೆಳೆದ ಮೈ ಅದು, ಮರೀಬೇಡ."

"ಅದಕ್ಕೇ ಮೈಯೆಲ್ಲ ತುರಿಕೆ. ಟ್ಯಾಂಟಿ, ಇವನಿಗೊಂದು ಸೋಪು ಕೊಡಿ, ನನ್ನ ಲೆಕ್ಕಕ್ಕೆ ಬರ್ಕೊಳ್ಳಿ."

ಈ ಸಲದ ಚುನಾವಣೆಯ ಗಾಳಿಯೇ ಬೇರೆ ಇತ್ತು. ಯಾವ ರೇಡಿಯೊ ಹಾಕಿದರೂ ಒಂದೇ ಮಾತು. ಒಬ್ಬ ಮಂತ್ರಿ ಒಂದು ಸಭೆಯಲ್ಲಿ ಏನೋ ಅಂದ, ಅದು ಜನಾಂಗದ್ವೇಷ ಎಂದು ಇವರು ಕೂಗಿದರು. ಹಾಗೆ ಕೂಗುವುದೇ ಜನಾಂಗದ್ವೇಷ ಎಂದು ಅವರು ಕೂಗಿದರು. ಬೆಳಗ್ಗೆ ಬ್ರೆಡ್ಡು ಕೊಳ್ಳಲು ಬಂದ ಹೆಂಗಸರು ಕೂಡ ಮೊದಲು ಅಂಗಡಿಯೊಳಗೆ ಯಾರಿದ್ದಾರೆ ನೋಡಿ ಆಮೇಲೆ ಮಾತಾಡತೊಡಗಿದರು. ಕಸ್ಕಡುವಿನ ಮಗ ಕ್ರಿಶೆನ್ ಲಾಂದ್ರದ ಪಕ್ಷದ ಯುವಕರ ಮುಖಂಡನಾಗಿದ್ದ. ಚಿಕ್ಕಂದಿನಲ್ಲಿ ಎಗ್ಗಿಯ ಕಾರಿನ ಮುಂದಿನ ಸೀಟು ಬಿಟ್ಟು ಏಳದಿದ್ದವನು ಈಗ ಇಸ್ತ್ರಿ ಶರಟು ಹಾಕಿಕೊಂಡು ಮನೆ ಮನೆಗೆ ಹೋಗಿ "ನಮ್ಮ ಜನ" ಎಂದು ಮಾತು ಶುರು ಮಾಡುತ್ತಿದ್ದ.

ಒಂದು ದಿನ ಬೆಳಗ್ಗೆ ಲಾಂದ್ರದವರು ಎಗ್ಗಿಗೆ ಒಂದು ಹಾಳೆ ಕೊಟ್ಟರು: "ಅವರ ಕೈಗೆ ಮತ್ತೆ ಖಜಾನೆ ಸಿಕ್ಕರೆ ನಮ್ಮ ಮಕ್ಕಳಿಗೆ ಏನು ಉಳಿಯುತ್ತದೆ?" ಗದ್ದೆ ಕಡೆ ಮಾತ್ರ ಓದು ಎಂದು ಹೇಳಿ ಕೊಟ್ಟರು. ಅದೇ ದಿನ ಸಂಜೆ ಲಂಗರಿನವರು ಇನ್ನೊಂದು ಕೊಟ್ಟರು: "ಅವರು ಬಂದು ಕೂರುವ ಮುಂಚೆ ಎದ್ದು ನಿಲ್ಲಿ, ನಿಮ್ಮ ಬೀದಿ ಉಳಿಸಿಕೊಳ್ಳಿ." ಇದು ಗುಡ್ಡದ ಕಡೆಗೆ ಮಾತ್ರ ಎಂದರು. ಎಗ್ಗಿಗೆ ಅರ್ಧ ಸುತ್ತು ಹಾಕಿ ಗೊತ್ತೇ ಇಲ್ಲ. ಅರ್ಧ ಊರಿಗೆ ಓದಿ ಪೂರ್ತಿ ಬಾಡಿಗೆ ತೆಗೆದುಕೊಳ್ಳುವುದು ಕಳ್ಳತನ ಎಂದು ನಂಬಿದ್ದ ಮನುಷ್ಯ. ಬೆಳಗಿನದನ್ನು ಗುಡ್ಡದ ತುದಿಯಿಂದ ಗದ್ದೆಯ ಕೊನೆಯವರೆಗೆ ಓದಿದ. ಸಂಜೆಯದನ್ನೂ ಹಾಗೇ ಓದಿದ.

ತಮ್ಮ ತಮ್ಮವರ ಕಿವಿಯಲ್ಲಿ ಹೇಳಬೇಕೆಂದಿದ್ದ ಮಾತು ಊರಿಗೆಲ್ಲ ಕೇಳಿಸಿತು. ಕ್ರಿಶೆನ್ ತನ್ನ ಗೇಟಿನಲ್ಲಿ ನಿಂತು ಸಂಜೆಯದನ್ನು ಫೋನಿನಲ್ಲಿ ಹಿಡಿದುಕೊಂಡ. ಗುಡ್ಡದ ಕಡೆಯ ಯಾರೋ ಬೆಳಗಿನದನ್ನು ಹಿಡಿದುಕೊಂಡಿದ್ದರು. ಮಾರನೆಯ ದಿನ ಎರಡೂ ಇಡೀ ಟ್ರಿನಿಡಾಡಿನಲ್ಲಿ ಓಡಾಡಿದವು. ಟಿವಿಯಲ್ಲಿ ಎಗ್ಗಿಯ ಕಾರು, ಎಗ್ಗಿಯ ಕನ್ನಡಕ, ಎಗ್ಗಿಯ ದನಿ. ಎರಡು ಪಕ್ಷದವರೂ ಪತ್ರಕರ್ತರನ್ನು ಕೂರಿಸಿಕೊಂಡು ಒಂದೇ ಮಾತು ಹೇಳಿದರು: ನಾವು ಹಾಗೆ ಬರೆದುಕೊಟ್ಟಿಲ್ಲ, ಮೈಕಿನವನು ತನ್ನ ಮನಸ್ಸಿನಲ್ಲಿದ್ದದ್ದು ಹೇಳಿದ್ದಾನೆ, ಇಂಥ ಜನಾಂಗದ್ವೇಷಿಗಳಿಗೆ ನಮ್ಮಲ್ಲಿ ಜಾಗವಿಲ್ಲ. ಐದು ವರ್ಷದಲ್ಲಿ ಅವರಿಬ್ಬರೂ ಒಪ್ಪಿದ್ದು ಅದೊಂದೇ ವಿಷಯ.

ಆಮೇಲೆ ಒಂದು ವಿಚಿತ್ರ ನಡೆಯಿತು. ಗದ್ದೆ ಕಡೆಯವರಿಗೆ ಅವನು ಇದ್ದಕ್ಕಿದ್ದ ಹಾಗೆ ಯೂನಾಳ ಮಗನಾದ. ಗುಡ್ಡದ ಕಡೆಯವರಿಗೆ ಜೋಖನ್ನನ ಮಗನಾದ. ಅರವತ್ತು ದಾಟಿದ ಮನುಷ್ಯನನ್ನು ಎರಡು ಕಡೆಯವರೂ ಸೇರಿ ಸೀಳಿ, ತಮಗೆ ಬೇಡದ ಅರ್ಧವನ್ನು ಮಾತ್ರ ನೋಡಿದರು. ಅವನ ಗೋಡೆಯ ಮೇಲೆ ಯಾರೋ ಏನೋ ಬರೆದರು. ಏನು ಎಂದು ನಾನು ಇಲ್ಲಿ ಹೇಳುವುದಿಲ್ಲ, ಬಾಯಿ ಹೊಲಸಾಗುತ್ತದೆ. ನಾನೇ ಹೋಗಿ ಸುಣ್ಣ ಬಳಿದೆ.

ಇಷ್ಟಾದರೂ ಎಗ್ಗಿ ಸಂಜೆ ಅಂಗಡಿಗೆ ಬಂದ. ಕಸ್ಕಡು ಬೆಂಚಿನ ಮೇಲೆ ಮೊದಲೇ ಕೂತಿದ್ದ. ಅಷ್ಟರಲ್ಲಾಗಲೇ ಅವನಿಗೆ ಸಕ್ಕರೆ ಕಾಯಿಲೆ ಏರಿ ಕಾಲು ಊದಿಕೊಂಡು, ಸೈಕಲ್ ಬಿಟ್ಟು ಕೋಲು ಹಿಡಿದಿದ್ದ. ಎಗ್ಗಿ ಪಕ್ಕದಲ್ಲಿ ಕೂತು ನಗಲು ನೋಡಿದ.

"ಕೇಳಿದ್ಯಾ ಕಸ್ಕಡು? ನಾನೀಗ ಟಿವಿ ಸ್ಟಾರು. ಇಡೀ ದೇಶದಲ್ಲಿ ಎರಡು ಕಡೆ ರೇಸಿಸ್ಟ್ ಆಗಿರೋನು ನಾನೊಬ್ಬನೇ."

ಕಸ್ಕಡು ನಗಲಿಲ್ಲ. "ಅವ್ರು ಬರೆದುಕೊಟ್ರು ಅನ್ನೋದು ನಂಗೆ ಗೊತ್ತು. ನೀನು ಹುಟ್ಟಿಸಿ ಹೇಳೋನಲ್ಲ. ಆದ್ರೆ ಓದಿದ್ದು ನೀನು."

"ಇಪ್ಪತ್ತು ವರ್ಷದಿಂದ ಓದ್ತಾ ಇದ್ದೀನಲ್ಲೋ. ಬಾಯಿ ಬಾಡಿಗೇದು ಕಣೋ."

"ನಮ್ಮಪ್ಪ ಸತ್ತಾಗ ಸಾರಿದ್ದೂ ಅದೇ ಬಾಯಿ. ಆವತ್ತು ಬಾಡಿಗೇದು ಅನ್ಲಿಲ್ಲ ನೀನು. ನನ್ನ ಹೆಂಡ್ತಿ ಗೇಟಲ್ಲಿ ನಿಂತು ಕೇಳಿಸ್ಕೊಂಡ್ಳು, 'ಅವರು ಬಂದು ಕೂರೋ ಮುಂಚೆ' ಅಂತ. ಎಗ್ಗಿ ಭಾವನ ದನೀಲಿ. ಒಳಗೆ ಹೋಗಿ ಬಾಗಿಲು ಹಾಕ್ಕೊಂಡ್ಳು. ನಿಂಗೆ ಕಣ್ಣಿಲ್ವಾ? ಓದೋವಾಗ ಕಾಣ್ಲಿಲ್ವಾ ಏನ್ ಓದ್ತಿದ್ದೀನಿ ಅಂತ?"

ಎಗ್ಗಿ ಕೈಯಲ್ಲಿದ್ದ ಶರಬತ್ತಿನ ಬಾಟಲಿಯನ್ನು ಕೆಳಗಿಟ್ಟ. ಎದ್ದು ಹೋದ. ಕಸ್ಕಡು ಅವನ ಬೆನ್ನು ನೋಡುತ್ತಾ ಕೂತ. ನಾನು ಇಬ್ಬರಿಗೂ ಬೈದೆ, ಇಬ್ಬರಿಗೂ ಕೇಳಿಸಲಿಲ್ಲ. ಅದೇ ವಾರ ಎಗ್ಗಿ ಕಾರಿನ ಮೇಲಿನ ತುತ್ತೂರಿ ಬಿಚ್ಚಿ ಜಗಲಿಯಲ್ಲಿಟ್ಟ. ಆಮೇಲೆ ಅವರಿಬ್ಬರೂ ಒಂದೇ ಹೊತ್ತಿಗೆ ನನ್ನ ಅಂಗಡಿಗೆ ಬರಲಿಲ್ಲ.

ಸೋಮವಾರ ಮತದಾನ. ಅದಕ್ಕೆ ಮುಂಚಿನ ಶನಿವಾರ ಎರಡು ಪಕ್ಷದವರ ಕೊನೆಯ ಮೆರವಣಿಗೆ. ಹಾಡಿನ ಲಾರಿಗಳ ಸದ್ದಿಗೆ ನನ್ನ ಅಂಗಡಿಯ ಡಬ್ಬಿಗಳು ಕುಣಿಯುತ್ತಿದ್ದವು. ಆ ಗದ್ದಲದ ನಡುವೆ ಕೂವಾ ಪಟ್ಟಣದ ಕಡೆಯಿಂದ ಬಂದ ಒಂದು ನೀಲಿ ವ್ಯಾನು ಹಾದುಹೋಯಿತು. ಹೊಸ ಮೈಕು, ಹೊಸ ದನಿ. "ಧನ್‌ರಾಜ್ ಸಿರ್ಜೂ ಅವರು ಇಂದು ಬೆಳಗ್ಗೆ ನಿಧನರಾದರು. ನಾಳೆ ಮಧ್ಯಾಹ್ನ ಒಂದು ಗಂಟೆಗೆ ಅಂತ್ಯಕ್ರಿಯೆ." ಮನೆ ಎಲ್ಲಿ ಎಂದು ಹೇಳಿದ್ದು ಲಾರಿಯ ಹಾಡಿನಲ್ಲಿ ಮುಳುಗಿತು. ಎಗ್ಗಿಯ ಕಾಲದಲ್ಲಿ ಸಾವಿನ ಕಾರು ಬಂದರೆ ಹಾಡಿನ ಲಾರಿಗಳು ಬಾಯಿ ಮುಚ್ಚುತ್ತಿದ್ದವು. ನೀಲಿ ವ್ಯಾನನ್ನು ನೋಡಿ ಸಾವಿನ ಕಾರು ಎಂದು ಯಾರಿಗೂ ಹೊಳೆಯಲಿಲ್ಲ.

"ಯಾರಮ್ಮ ಈ ಧನ್‌ರಾಜ್?" ಎಂದು ಅಂಗಡಿಗೆ ಬಂದಿದ್ದ ಹೆಂಗಸು ಕೇಳಿದಳು. ನನಗೂ ಗೊತ್ತಿರಲಿಲ್ಲ. ಯಾರೋ ಪಾಪ, ಪಕ್ಕದ ಊರಿನವರಿರಬೇಕು ಎಂದೆ. ಅಕ್ಕಿ ಅಳೆದು ಕೊಟ್ಟೆ.

ಅಷ್ಟರಲ್ಲಿ ಎಗ್ಗಿ ಬಂದ. ಮನೆಯ ಚಪ್ಪಲಿಯಲ್ಲೇ ಬಂದಿದ್ದ. ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತ.

"ಟ್ಯಾಂಟಿ, ಕೇಳಿಸ್ತಾ?"

"ಯಾರೋ ಧನ್‌ರಾಜ್ ಅಂತೆ."

"ಕಸ್ಕಡು ಟ್ಯಾಂಟಿ. ನಮ್ಮ ಕಸ್ಕಡು."

ನನ್ನ ಕೈಯಲ್ಲಿದ್ದ ಅಳತೆಯ ಡಬ್ಬ ಬಿತ್ತು. ಹಿಂದಿನ ದಿನ ಅವನ ಹೆಂಡತಿ ಸೋನ್‌ಮತಿ ನನ್ನ ಹತ್ತಿರ ಹಾಲಿನ ಡಬ್ಬಿ ತೆಗೆದುಕೊಂಡು ಹೋಗಿದ್ದಳು. ಇಷ್ಟು ವರ್ಷ ಅವನಿಂದ ಮೀನು ಕೊಂಡೆ, ಅವನಿಗೆ ಬ್ರೆಡ್ಡು ಮಾರಿದೆ, ಅವನ ಹೆಸರು ಧನ್‌ರಾಜ್ ಎಂದು ನನಗೆ ಗೊತ್ತಿರಲಿಲ್ಲ. ಅವನು ಸತ್ತ ಸುದ್ದಿ ನನ್ನ ಕಿವಿಯ ಮೇಲೆಯೇ ಹಾದುಹೋದರೂ ನಾನು ಅಕ್ಕಿ ಅಳೆಯುತ್ತಿದ್ದೆ.

"ಊರಲ್ಲಿ ಯಾರಿಗೂ ಗೊತ್ತಾಗಿಲ್ಲ," ಎಂದ ಎಗ್ಗಿ. "ನಾಳೆ ಒಂದು ಗಂಟೆಗೆ ಎತ್ತುತ್ತಾರೆ. ಅವನ ಜೊತೆ ಒಂದು ನರಪಿಳ್ಳೇನೂ ಹೋಗಲ್ಲ."

"ಹೋಗಿ ಕ್ರಿಶೆನ್‌ಗೆ ಹೇಳು. ಕರೆಯೋ ಹೆಸರು ಸೇರಿಸಿ ಇನ್ನೊಂದು ಸುತ್ತು ಹಾಕ್ಸಲಿ."

ಹೋದೆವು. ಒಬ್ಬನೇ ಹೋಗಲಾರೆ ಎಂದದ್ದಕ್ಕೆ ನಾನೂ ಅಂಗಡಿಗೆ ಬೀಗ ಹಾಕಿ ಹೊರಟೆ. ಗೇಟಿನ ಒಳಗೆ ಬಿದಿರಿನ ಚಪ್ಪರ ಕಟ್ಟುತ್ತಿದ್ದರು. ಕ್ರಿಶೆನ್ ಬಂದ. ಕಣ್ಣು ಕೆಂಪಾಗಿತ್ತು. ನನ್ನನ್ನು ನೋಡಿ ತಲೆ ಬಾಗಿಸಿದ. ಎಗ್ಗಿಯನ್ನು ನೋಡಿ ಗೇಟಿನ ಚಿಲಕದ ಮೇಲೆ ಕೈ ಇಟ್ಟ.

"ಮಗಾ, ಆ ಕೂವಾದವನಿಗೆ ಹೇಳು," ಎಂದ ಎಗ್ಗಿ. "ಕಸ್ಕಡು ಅಂತ ಹೇಳದೆ ಇದ್ರೆ ಯಾರಿಗೂ ತಿಳಿಯಲ್ಲ. ನೀನು ಹೇಳು ಅಂದ್ರೆ ನಾನು..."

"ಅಂಕಲ್, ನಿಮ್ಮ ಮೈಕಲ್ಲಿ ನಮ್ಮಪ್ಪನ ಹೆಸರು ಬರೋದು ಬೇಡ." ಅವನು ಕೂಗಲಿಲ್ಲ. ಮೆಲ್ಲಗೆ ಹೇಳಿದ, ಅದಕ್ಕೇ ಹೆಚ್ಚು ಚುಚ್ಚಿತು. "ಮತ್ತೆ, ಮೀನಿನ ಹೆಸರಿಟ್ಕೊಂಡು ಸುಡೋದಾ ಅವ್ರನ್ನ? ನಮ್ಮಪ್ಪನಿಗೆ ಒಂದು ಹೆಸರಿತ್ತು."

ಎಗ್ಗಿ ಗೇಟಿನಿಂದ ಹಿಂದೆ ಸರಿದ. "ಮೈಕಲ್ಲಿ ಹೇಳಲ್ಲ ಬಿಡು," ಎಂದ.

ಆ ಮಾತು ಉಳಿಸಿಕೊಂಡ. ತುತ್ತೂರಿ ಜಗಲಿಯಲ್ಲೇ ಇತ್ತು, ಕಾರು ಅಲ್ಲೇ ಇತ್ತು. ಅವನು ನಡೆದ, ಅವನ ಹಿಂದೆ ನಾನು. ಆ ಗೇಟಿನಿಂದ ಪಕ್ಕದ ಗೇಟಿಗೆ, ಅಲ್ಲಿಂದ ಮುಂದಿನ ಗೇಟಿಗೆ. ಹೆಸರುಗಳ ಸಾಲು ಇಲ್ಲ, ಕೆಮ್ಮು ಇಲ್ಲ. "ಕಸ್ಕಡು ಹೋಗ್ಬಿಟ್ಟ. ನಾಳೆ ಒಂದು ಗಂಟೆಗೆ." ಅಷ್ಟೇ. ಕೆಲವರು ಅವನ ಮುಖ ಕಂಡ ಕೂಡಲೇ ಪರದೆ ಎಳೆದರು. ಎಳೆದ ಪರದೆಗೇ ಹೇಳಿ ಮುಂದೆ ಹೋದ. ಗದ್ದೆಯ ಕೊನೆಯ ಮನೆಯ ದುಲಾರಿ ಅಜ್ಜಿ, ಕಣ್ಣು ಕಾಣದವಳು, ದನಿಯಿಂದ ಅವನನ್ನು ಗುರುತಿಸಿದಳು.

"ಎಗ್ಗಿ, ಟಿವೀಲಿ ನಮ್ಮ ಬೀದಿಗೆ ಬೈದೋನು ನೀನೇ ಅಲ್ವಾ?"

"ಹೌದು ಅಜ್ಜಿ, ನಾನೇ."

"ಈಗ ಏನ್ ಬೈಯಕ್ ಬಂದೆ?"

"ಕಸ್ಕಡು ಹೋಗ್ಬಿಟ್ಟ ಅಜ್ಜಿ."

ಅವಳು ಕೈ ಚಾಚಿ ಗಾಳಿಯಲ್ಲಿ ತಡಕಾಡಿದಳು. ಅವನ ತೋಳು ಸಿಕ್ಕಿತು. ಅದನ್ನು ಹಿಡಿದುಕೊಂಡು ಇಬ್ಬರೂ ಅಲ್ಲೇ ಅತ್ತರು. ನಾನು ಬೇಲಿಯ ಕಡೆ ತಿರುಗಿ ನಿಂತೆ.

ಗುಡ್ಡ ಹತ್ತುವಷ್ಟರಲ್ಲಿ ಬಿಸಿಲು ಇಳಿದಿತ್ತು, ಅವನ ದನಿ ಒಡೆದು ಹೋಗಿತ್ತು. ಬ್ಯಾಪ್ಟಿಸ್ಟರ ಸಭೆಯ ಹಿರಿಯಳು ಮದರ್ ಐವರೀನ್ ಲಂಗರಿನ ಶರಟು ಹಾಕಿಕೊಂಡು ಜಗಲಿಯಲ್ಲಿ ಕೂತಿದ್ದಳು. ದೊಡ್ಡ ಹೆಂಗಸು, ಅವಳ ಮಾತಿಗೆ ಗುಡ್ಡದಲ್ಲಿ ಎರಡು ಮಾತಿಲ್ಲ.

"ಅವನ ಮಗ ಮೈಕ್ ಹಿಡ್ಕೊಂಡು ನಮ್ಮನ್ನ ಏನಂದ ಗೊತ್ತಲ್ಲ ನಿಂಗೆ?" ಎಂದಳು. "ನಿನ್ನನ್ನ ಏನಂದ? ಆ ಮನೆ ಅಂಗಳಕ್ಕೆ ನಾನು ಕಾಲಿಡ್ಲಾ?"

"ಸತ್ತಿರೋದು ಅವನ ಮಗ ಅಲ್ಲ ಮದರ್."

"ಕಸ್ಕಡುಗೂ ವೋಟು ಲಾಂದ್ರಕ್ಕೇ."

"ಇರಬಹುದು. ನಿಮ್ಮ ಗಂಡ ಹಾಸಿಗೆ ಹಿಡಿದಾಗ ಶುಕ್ರವಾರ ಶುಕ್ರವಾರ ಮೀನು ತಂದು ಮೆಟ್ಟಿಲ ಮೇಲೆ ಇಟ್ಟು ಹೋಗ್ತಿದ್ದವನು ಯಾರು?"

ಮದರ್ ಐವರೀನ್ ಬೀಸಣಿಗೆ ನಿಲ್ಲಿಸಿದಳು. ಕೆಳಗಿನ ಗದ್ದೆಯ ಕಡೆ ನೋಡಿದಳು. ಒಳಗೆ ಹೋಗಿ ಆ ಶರಟು ಬಿಚ್ಚಿ ಬಂದಳು, ಮಿಕ್ಕ ಮನೆಗಳಿಗೆ ತಾನು ಹೇಳುವುದಾಗಿ ಹೇಳಿ ಎಗ್ಗಿಯನ್ನು ಮನೆಗೆ ಕಳಿಸಿದಳು.

ಭಾನುವಾರ ಹನ್ನೆರಡಕ್ಕೆಲ್ಲ ಕಸ್ಕಡುವಿನ ಅಂಗಳ ತುಂಬಿತು. ಚಪ್ಪರ ಸಾಲದೆ ಜನ ರಸ್ತೆಯಲ್ಲಿ ನಿಂತರು. ಗದ್ದೆ ಕಡೆಯ ಹೆಂಗಸರು ಬಿಳಿ ಬಟ್ಟೆಯಲ್ಲಿ, ಬ್ಯಾಪ್ಟಿಸ್ಟ್ ಹೆಂಗಸರು ತಲೆಗೆ ಬಟ್ಟೆ ಕಟ್ಟಿಕೊಂಡು, ನನ್ನಂಥ ಮುಸಲ್ಮಾನರು ಒಂದಷ್ಟು ಜನ. ಪಂಡಿತರ ಮಂತ್ರ ಮುಗಿಯುವವರೆಗೆ ತಲೆ ಬಾಗಿಸಿ ನಿಂತ ಮದರ್ ಐವರೀನ್ ಆಮೇಲೆ ತಾನಾಗಿಯೇ ಒಂದು ಕೀರ್ತನೆ ಎತ್ತಿದಳು, ಯಾರೂ ಬೇಡ ಅನ್ನಲಿಲ್ಲ. ಅಷ್ಟು ದಿನ ಒಬ್ಬರ ಮುಖ ಒಬ್ಬರು ನೋಡದವರು ಒಂದೇ ಬೆಂಚಿನಲ್ಲಿ ಒತ್ತಿ ಕೂತರು. ಎಗ್ಗಿ ಮಾತ್ರ ಗೇಟು ದಾಟಲಿಲ್ಲ. ರಸ್ತೆಯ ಆಚೆ, ವಿದ್ಯುತ್ ಕಂಬದ ಪಕ್ಕದಲ್ಲಿ, ಇಸ್ತ್ರಿ ಮಾಡಿದ ಅಂಗಿಯಲ್ಲಿ ನಿಂತಿದ್ದ.

ಲಾಂದ್ರದ ಅಭ್ಯರ್ಥಿಯೂ ಬಂದ. ಬರದೆ ಇರುತ್ತಾನೆಯೇ, ಮಾರನೆಯ ದಿನ ಮತದಾನ. ಶವಪೆಟ್ಟಿಗೆಯ ಮೇಲೆ ಹೂವಿಟ್ಟು, ಯಾರೂ ಕೇಳದಿದ್ದರೂ ಎರಡು ಮಾತಾಡಿದ. "ಈ ಅಂಗಳ ನೋಡಿ. ಆಫ್ರಿಕನ್, ಇಂಡಿಯನ್, ಹಿಂದೂ, ಮುಸ್ಲಿಂ, ಬ್ಯಾಪ್ಟಿಸ್ಟ್. ನಮ್ಮನ್ನು ಜನಾಂಗದ್ವೇಷಿಗಳು ಅನ್ನುವವರು ಇಲ್ಲಿ ಬಂದು ನೋಡಲಿ. ನಮ್ಮ ಪಕ್ಷ ಕಟ್ಟಲು ಹೊರಟಿರುವ ದೇಶ ಇದು." ಅವನ ಜೊತೆ ಬಂದವರು ಫೋಟೋ ತೆಗೆದರು. ಕಂಬದ ಪಕ್ಕದಲ್ಲಿದ್ದವನು ಆ ಫೋಟೋದಲ್ಲಿ ಬಂದಿರಲಾರ.

ಸೋನ್‌ಮತಿ ಪೆಟ್ಟಿಗೆಯ ಮೇಲೆ ತಲೆ ಇಟ್ಟು ಅಳುತ್ತಿದ್ದವಳು ಒಮ್ಮೆ ತಲೆ ಎತ್ತಿದಳು. "ಎಗ್ಗಿ ಭಾವ ಬಂದಿಲ್ವಾ?" ಎಂದಳು. "ಇಲ್ಲಮ್ಮ," ಎಂದ ಕ್ರಿಶೆನ್. ಅಷ್ಟು ಜನರ ನಡುವೆ ಅವನಿಗೆ ಕಂಡಿರಲಿಲ್ಲವೋ, ಕಂಡೂ ಹೇಳಿದನೋ, ದೇವರಿಗೇ ಗೊತ್ತು. ಆಮೇಲೆ ನನ್ನ ಹತ್ತಿರ ಬಂದು ಕಣ್ಣೊರೆಸಿಕೊಂಡು ಹೇಳಿದ: "ನೋಡಿದ್ರಾ ಟ್ಯಾಂಟಿ? ಎಷ್ಟು ಜನ. ಆ ಕೂವಾದವನ ಮೈಕು ನಿಜವಾಗ್ಲೂ ಚೆನ್ನಾಗಿದೆ. ಗುಡ್ಡದವರೆಗೂ ಕೇಳಿಸಿದೆ."

ನನಗೆ ತಡೆಯಲಾಗಲಿಲ್ಲ. ಸಾವಿನ ಮನೆ ಎಂದು ದನಿ ತಗ್ಗಿಸಿದ್ದಷ್ಟೇ.

"ಮೈಕ್ ಅಲ್ಲ ಕಣೋ. ಅದು ಹೇಳಿದ ಹೆಸರು ನಿಮ್ಮ ಮನೆ ಬಿಟ್ಟು ಯಾರಿಗೂ ಗೊತ್ತಿಲ್ಲ. ಇಲ್ಲಿ ಬಂದಿರೋ ಯಾರನ್ನಾದ್ರೂ ಕೇಳು, ನಿಮ್ಮಪ್ಪ ಹೋದ ಅಂತ ಯಾರು ಹೇಳಿದ್ದು ಅಂತ. ಮನೆ ಮನೆಗೂ ನಡ್ಕೊಂಡು ಹೋದ ಅವನು. ನೀನು ಬೇಡ ಅಂದಿದ್ದಕ್ಕೆ ಮೈಕ್ ಮುಟ್ಲಿಲ್ಲ. ಅಲ್ಲಿ ನಿಂತಿದ್ದಾನೆ, ನೋಡು."

ಕ್ರಿಶೆನ್ ರಸ್ತೆಯ ಕಡೆ ನೋಡಿದ. ಒಂದು ಹೆಜ್ಜೆ ಇಟ್ಟ ಕೂಡ, ಇಲ್ಲ ಅನ್ನುವುದಿಲ್ಲ. ಅಷ್ಟರಲ್ಲಿ ಅಭ್ಯರ್ಥಿ ಅವನ ಹೆಗಲ ಮೇಲೆ ಕೈ ಹಾಕಿ ಫೋಟೋಗೆ ಕರೆದ. ಹೋದವನು ತಿರುಗಿ ಬರುವಷ್ಟರಲ್ಲಿ ಪೆಟ್ಟಿಗೆ ಎತ್ತುವ ಹೊತ್ತಾಗಿತ್ತು. ಎಲ್ಲರೂ ನದಿ ದಂಡೆಗೆ ಹೊರಟರು. ಎಗ್ಗಿ ಎಲ್ಲರ ಹಿಂದೆ ಬಂದ. ಕರ್ಪೂರ ಹಾಕಲು ಸ್ನೇಹಿತರನ್ನು ಕರೆದಾಗ ಅವನು ದೂರದಲ್ಲಿ ನೀರಿನ ಕಡೆ ಮುಖ ಮಾಡಿ ನಿಂತಿದ್ದ. ಅಂಥ ಸಿಟ್ಟು, ಅಂಥ ದುಃಖ ನನಗೆ ನನ್ನ ಗಂಡ ಹೋದಾಗಲೂ ಆಗಿರಲಿಲ್ಲ.

ಸೋಮವಾರ ಸಂಜೆ ನಾನು ಮತ ಹಾಕಿ, ಬೆರಳಿಗೆ ಶಾಯಿ ಹಚ್ಚಿಸಿಕೊಂಡು ಬರುವಾಗ ಎಗ್ಗಿ ತನ್ನ ಮೆಟ್ಟಿಲ ಮೇಲೆ ಕೂತಿದ್ದ. ಪ್ರತಿ ಸಲ ಸಾಲಿನಲ್ಲಿ ಮೊದಲು ನಿಲ್ಲುತ್ತಿದ್ದವನ ಬೆರಳು ಖಾಲಿ ಇತ್ತು.

"ಹೋಗಲ್ವಾ?" ಎಂದೆ.

ತಲೆ ಅಲ್ಲಾಡಿಸಿದ. ದನಿ ಇನ್ನೂ ಸರಿಯಾಗಿರಲಿಲ್ಲ. ನಾನು ಕ್ರಿಶೆನ್‌ಗೆ ಬೈದದ್ದನ್ನು ಹೇಳಿದೆ, ಅವನು ಬಂದೇ ಬರುತ್ತಾನೆ, ಕ್ಷಮೆ ಕೇಳುತ್ತಾನೆ ಎಂದೆ.

"ಹುಡುಗ ಬರಲಿ, ಬಿಡಲಿ. ಅದಲ್ಲ ಟ್ಯಾಂಟಿ," ಎಂದ. "ಕಸ್ಕಡು ಕೇಳಿದ್ದು ನ್ಯಾಯವಾಗೇ ಇತ್ತು. ನಂಗೆ ಕಣ್ಣಿತ್ತು. ಓದೋವಾಗ್ಲೇ ಕಂಡಿತ್ತು ಇದು ಹೊಲಸು ಅಂತ. ಆದ್ರೂ ಓದ್ದೆ."

"ಹೋಗಿ ಅಷ್ಟು ಹೇಳ್ಬೇಕಿತ್ತು ನೀನು ಅವನಿಗೆ."

"ಹೇಳೋನೇ ಇದ್ದೆ. ದಿನಾ ಅವನ ಗೇಟಿನ ಮುಂದೆ ಹೋಗ್ತಿದ್ದೆ, ವಾಪಸ್ ಬರ್ತಿದ್ದೆ. ಎಲೆಕ್ಷನ್ ಮುಗೀಲಿ, ಎಲ್ಲಾರೂ ಮತ್ತೆ ಮನುಷ್ಯರಾಗ್ತಾರೆ, ಆವಾಗ ಹೋಗಿ ಕಾಲು ಹಿಡ್ಕೊಳ್ಳೋಣ ಅಂತ ಕಾದೆ. ನಾವು ಪ್ರತಿ ಸಲ ಹಂಗೇ ಅಲ್ವಾ ಮಾಡೋದು?"

ಹೌದು, ಪ್ರತಿ ಸಲ ಹಾಗೇ ಮಾಡುತ್ತೇವೆ. ನಾನು ಅವನ ಪಕ್ಕದಲ್ಲಿ ಕೂತೆ. ಮತಗಟ್ಟೆ ಮುಚ್ಚಲು ಇನ್ನೂ ಒಂದು ಗಂಟೆ ಬಾಕಿ ಇತ್ತು.